ವಿಂಡೋಸ್ 11ಕ್ಕೆ ನಿಮ್ಮ ಕಂಪ್ಯೂಟರ್‌ನ ರ‍್ಯಾಮ್ ಸಾಕೇ? ಹಣ ಖರ್ಚು ಮಾಡುವ ಮೊದಲು ಇದನ್ನು ತಿಳಿದುಕೊಳ್ಳಿ

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಆ ದಿನದ ನಂತರವೂ ಹಳೆಯ ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಸರಿಪಡಿಸುವ ಅಪ್‌ಡೇಟ್‌ಗಳು ತಾವಾಗಿಯೇ ಬರುವುದಿಲ್ಲ. ಬ್ಯಾಂಕ್ ವ್ಯವಹಾರ, ತೆರಿಗೆ ರಿಟರ್ನ್ಸ್, ಮಕ್ಕಳ ಓದು ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ ನಡೆಯುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಹೀಗಾಗಿ ವಿಂಡೋಸ್ 11ಕ್ಕೆ ಹೋಗಬೇಕೆಂದುಕೊಂಡವರು ಕೇಳುವ ಮೊದಲ ಪ್ರಶ್ನೆ: ಈಗಿರುವ ಮೆಮೊರಿ ಸಾಕಾಗುತ್ತದೆಯೇ? ಕೆಲವರು ಹೊಸ ಕಂಪ್ಯೂಟರ್‌ಗೇ ಹಣ ಹೊಂದಿಸುತ್ತಾರೆ. ಇನ್ನು ಕೆಲವರು ರ‍್ಯಾಮ್ ಹಾಕಿಸಿ ಮನೆಗೆ ತಂದ ಮೇಲೆ, ತಮ್ಮ ಯಂತ್ರಕ್ಕೆ ವಿಂಡೋಸ್ 11 ಬರುವುದೇ ಇಲ್ಲ ಎಂದು ತಿಳಿದು ಪೇಚಾಡುತ್ತಾರೆ. ಹತ್ತು ನಿಮಿಷದ ಪರಿಶೀಲನೆಯಿಂದ ಈ ಎರಡೂ ಖರ್ಚುಗಳನ್ನು ತಪ್ಪಿಸಬಹುದು. ಅದಕ್ಕೆ ಮೊದಲು, ಬಾಕ್ಸ್ ಮೇಲೆ ಮತ್ತು ವೆಬ್‌ಸೈಟ್‌ಗಳಲ್ಲಿ ಬರೆದಿರುವ 'ಕನಿಷ್ಠ ಮೆಮೊರಿ' ಎಂಬ ಮಾತಿನ ನಿಜವಾದ ಅರ್ಥ ಗೊತ್ತಿರಬೇಕು.

ಯಾವ ಮೆಮೊರಿ?

ಮಾತಿನಲ್ಲಿ ನಾವು ಎರಡು ಬೇರೆ ವಸ್ತುಗಳನ್ನೂ ಮೆಮೊರಿ ಎಂದೇ ಕರೆಯುತ್ತೇವೆ. ಗೊಂದಲ ಶುರುವಾಗುವುದು ಇಲ್ಲಿಂದಲೇ.

ಫೋಟೊ, ವಿಡಿಯೊ, ಕಡತಗಳು ಮತ್ತು ವಿಂಡೋಸ್ ಕೂತಿರುವ ಜಾಗ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ. ಇದನ್ನು ಸ್ಟೋರೇಜ್ ಎನ್ನುತ್ತಾರೆ. ಕಂಪ್ಯೂಟರ್ ಆಫ್ ಮಾಡಿದರೂ ಇದರಲ್ಲಿರುವುದು ಹಾಗೆಯೇ ಉಳಿಯುತ್ತದೆ. ರ‍್ಯಾಮ್ ಹಾಗಲ್ಲ. ಈ ಕ್ಷಣದಲ್ಲಿ ತೆರೆದಿರುವ ಪ್ರೋಗ್ರಾಂಗಳು ಕೆಲಸ ಮಾಡುವ ಜಾಗ ಅದು. ವಿದ್ಯುತ್ ಹೋದರೆ ಅದರಲ್ಲಿದ್ದದ್ದೂ ಹೋಗುತ್ತದೆ.

ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಸ್ಟೋರೇಜ್ ಎಂದರೆ ಉಗ್ರಾಣ, ರ‍್ಯಾಮ್ ಎಂದರೆ ಅಡುಗೆ ಕಟ್ಟೆ. ಉಗ್ರಾಣದಲ್ಲಿ ಎಷ್ಟೇ ಜಾಗವಿದ್ದರೂ ಕಟ್ಟೆ ಚಿಕ್ಕದಾದರೆ ಒಮ್ಮೆಗೆ ಎರಡು ಪಾತ್ರೆ ಇಡಲೂ ಪರದಾಡಬೇಕು. ಹಳೆಯ ಫೋಟೊಗಳನ್ನೆಲ್ಲ ಅಳಿಸಿದರೂ ಕಂಪ್ಯೂಟರ್ ನಿಧಾನವಾಗಿಯೇ ಇರುವುದು ಇದೇ ಕಾರಣಕ್ಕೆ. ಅಳಿಸಿದ್ದು ಉಗ್ರಾಣದಿಂದ, ಜಾಗ ಬೇಕಿದ್ದದ್ದು ಕಟ್ಟೆಯ ಮೇಲೆ.

ವಿಂಡೋಸ್ 11 ಈ ಎರಡಕ್ಕೂ ಬೇರೆ ಬೇರೆ ಮಿತಿ ಹೇಳುತ್ತದೆ. ರ‍್ಯಾಮ್ ಕನಿಷ್ಠ 4 ಜಿಬಿ, ಸ್ಟೋರೇಜ್ ಕನಿಷ್ಠ 64 ಜಿಬಿ.

4 ಎಂಬಿಯಿಂದ 4 ಜಿಬಿಗೆ

ಮೈಕ್ರೋಸಾಫ್ಟ್ ಕಾಲಕಾಲಕ್ಕೆ ಹೇಳಿದ ಕನಿಷ್ಠ ರ‍್ಯಾಮ್‌ನ ಪಟ್ಟಿ ಹೀಗಿದೆ:

• ವಿಂಡೋಸ್ 95 (1995): 4 ಎಂಬಿ
• ವಿಂಡೋಸ್ ಎಕ್ಸ್‌ಪಿ (2001): 64 ಎಂಬಿ
• ವಿಂಡೋಸ್ ವಿಸ್ಟಾ (2007): 512 ಎಂಬಿ
• ವಿಂಡೋಸ್ 7 (2009): 32 ಬಿಟ್ ಆವೃತ್ತಿಗೆ 1 ಜಿಬಿ, 64 ಬಿಟ್ ಆವೃತ್ತಿಗೆ 2 ಜಿಬಿ
• ವಿಂಡೋಸ್ 10 (2015): 32 ಬಿಟ್ ಆವೃತ್ತಿಗೆ 1 ಜಿಬಿ, 64 ಬಿಟ್ ಆವೃತ್ತಿಗೆ 2 ಜಿಬಿ
• ವಿಂಡೋಸ್ 11 (2021): 4 ಜಿಬಿ

ಅಂದರೆ 26 ವರ್ಷಗಳಲ್ಲಿ ಈ ಮಿತಿ ಸಾವಿರ ಪಟ್ಟಿಗಿಂತ ಹೆಚ್ಚಾಗಿದೆ. ವಿಂಡೋಸ್ 7ರಿಂದ 10ರವರೆಗೆ ಮಿತಿ ಬದಲಾಗಲಿಲ್ಲ. ಅದೇ ಹಳೆಯ ಕಂಪ್ಯೂಟರ್‌ಗೆ ವಿಂಡೋಸ್ 10 ಹಾಕಿಕೊಂಡು ಅನೇಕರು ವರ್ಷಗಟ್ಟಲೆ ನಿಭಾಯಿಸಿದ್ದು ಇದರಿಂದಲೇ. ವಿಂಡೋಸ್ 11 ಬಂದಾಗ ಮಿತಿ ದುಪ್ಪಟ್ಟಾಯಿತು. ಜೊತೆಗೆ 32 ಬಿಟ್ ಆವೃತ್ತಿಯೇ ಇಲ್ಲವಾಯಿತು.

ಕನಿಷ್ಠ ಎಂದರೆ ಇನ್‌ಸ್ಟಾಲ್ ಆಗುತ್ತದೆ ಎಂದಷ್ಟೇ

ಈ ಪಟ್ಟಿಯಲ್ಲಿರುವ ಸಂಖ್ಯೆಗಳು ಹೇಳುವುದು ಒಂದನ್ನೇ: ಇಷ್ಟಿದ್ದರೆ ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಆಗುತ್ತದೆ, ಪರದೆಯ ಮೇಲೆ ಬರುತ್ತದೆ. ಅದರ ಮೇಲೆ ನೀವು ಬ್ರೌಸರ್ ತೆರೆದು, ವಿಡಿಯೊ ಕರೆಗೆ ಸೇರಿ, ಪಕ್ಕದಲ್ಲಿ ಎಕ್ಸೆಲ್ ಇಟ್ಟುಕೊಂಡರೆ ಹೇಗಿರುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಈ ವ್ಯತ್ಯಾಸ ಒಮ್ಮೆ ಅಮೆರಿಕದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. ವಿಸ್ಟಾ ಬಿಡುಗಡೆಗೆ ಮುನ್ನ, 2006ರಲ್ಲಿ, ಮಾರಾಟಕ್ಕಿದ್ದ ಕಂಪ್ಯೂಟರ್‌ಗಳ ಮೇಲೆ 'ವಿಂಡೋಸ್ ವಿಸ್ಟಾ ಕೇಪಬಲ್' ಎಂಬ ಸ್ಟಿಕರ್ ಅಂಟಿಸಲಾಗುತ್ತಿತ್ತು. ಆದರೆ ಅವುಗಳಲ್ಲಿ ಕೆಲವು ಯಂತ್ರಗಳಿಗೆ ವಿಸ್ಟಾದ ಮೂಲ ಆವೃತ್ತಿಯನ್ನಷ್ಟೇ ನಡೆಸುವ ಶಕ್ತಿ ಇತ್ತು. ಜಾಹೀರಾತಿನಲ್ಲಿ ತೋರಿಸಿದ ಗಾಜಿನಂಥ ಹೊಳೆಯುವ ವಿಂಡೋಗಳು ಅವುಗಳಲ್ಲಿ ಬರುತ್ತಿರಲಿಲ್ಲ. ಅಲ್ಲಿ ಮುಖ್ಯ ತೊಡಕಾಗಿದ್ದದ್ದು ಗ್ರಾಫಿಕ್ಸ್ ಚಿಪ್. 2007ರಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಲಯದಲ್ಲಿ ಗ್ರಾಹಕರು ಮೊಕದ್ದಮೆ ಹೂಡಿದರು. 2008ರಲ್ಲಿ ಅದಕ್ಕೆ ಸಾಮೂಹಿಕ ದಾವೆಯ ಮಾನ್ಯತೆ ಸಿಕ್ಕಿತು, 2009ರಲ್ಲಿ ಆ ಮಾನ್ಯತೆಯನ್ನು ನ್ಯಾಯಾಲಯ ಹಿಂಪಡೆಯಿತು. ತೀರ್ಪು ಏನೇ ಇರಲಿ, 'ನಡೆಯುತ್ತದೆ' ಮತ್ತು 'ಚೆನ್ನಾಗಿ ನಡೆಯುತ್ತದೆ' ಎಂಬುದರ ನಡುವಿನ ಅಂತರ ಆಗ ಜನರಿಗೆ ಅರ್ಥವಾಯಿತು.

ನಿಮ್ಮಲ್ಲಿ ಎಷ್ಟಿದೆ? ಹೀಗೆ ನೋಡಿ

ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಂ ಒಳಗೆ ಅಬೌಟ್ ಎಂಬಲ್ಲಿಗೆ ಹೋಗಿ. 'ಇನ್‌ಸ್ಟಾಲ್ಡ್ ರ‍್ಯಾಮ್' ಎಂಬ ಸಾಲಿನಲ್ಲಿ ರ‍್ಯಾಮ್ ಎಷ್ಟಿದೆ ಎಂದು ಬರೆದಿರುತ್ತದೆ. ಅದರ ಕೆಳಗೇ ಸಿಸ್ಟಂ 32 ಬಿಟ್‌ನದೋ 64 ಬಿಟ್‌ನದೋ ಎಂಬುದೂ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

8 ಜಿಬಿ ಎಂದು ಕೊಂಡಿದ್ದು 7.8 ಅಥವಾ ಅದಕ್ಕಿಂತ ಕಡಿಮೆ 'ಯೂಸಬಲ್' ಎಂದು ತೋರಿಸಿದರೆ ಗಾಬರಿ ಬೇಡ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗಳಲ್ಲಿ ಪರದೆಯ ಚಿತ್ರ ಮೂಡಿಸಲು ರ‍್ಯಾಮ್‌ನ ಒಂದು ಪಾಲು ಮೀಸಲಾಗಿರುತ್ತದೆ. ಆದರೆ 4 ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ‍್ಯಾಮ್ ಇದ್ದೂ 3 ಜಿಬಿ ಚಿಲ್ಲರೆ ಮಾತ್ರ ಬಳಕೆಗೆ ಸಿಗುತ್ತಿದ್ದರೆ, ಸಿಸ್ಟಂ 32 ಬಿಟ್‌ನದಾಗಿರುವ ಸಾಧ್ಯತೆ ಹೆಚ್ಚು. 32 ಬಿಟ್ ವಿಳಾಸಗಳಿಂದ ಗುರುತಿಸಲು ಆಗುವುದೇ ಒಟ್ಟು 4 ಜಿಬಿ. ಅದರಲ್ಲೂ ಒಂದಷ್ಟು ವಿಳಾಸಗಳು ಬೇರೆ ಯಂತ್ರಭಾಗಗಳಿಗೆ ಹೋಗುತ್ತವೆ. ಇಂಥ ಸಿಸ್ಟಂಗೆ ಇನ್ನೊಂದು ರ‍್ಯಾಮ್ ಹಾಕಿಸಿದರೆ ಹಣ ದಂಡ. ಮೊದಲು 64 ಬಿಟ್ ವಿಂಡೋಸ್ ಹೊಸದಾಗಿ ಇನ್‌ಸ್ಟಾಲ್ ಆಗಬೇಕು.

ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಎಷ್ಟಿದೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಟಾಸ್ಕ್ ಮ್ಯಾನೇಜರ್‌ನಲ್ಲಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆರಿಸಿ.

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ನೋಡಬೇಡಿ. ದಿನವೂ ಮಾಡುವ ಕೆಲಸವನ್ನೆಲ್ಲ ತೆರೆದಿಟ್ಟುಕೊಂಡು, ಅರ್ಧ ಗಂಟೆ ಬಳಸಿದ ನಂತರ ನೋಡಿ. ಏನೂ ತೆರೆಯದೆ ಅರ್ಧ ರ‍್ಯಾಮ್ ತುಂಬಿದ್ದರೆ ಅದು ದೋಷವಲ್ಲ. ಆಪರೇಟಿಂಗ್ ಸಿಸ್ಟಂ ಮತ್ತು ಹಿನ್ನೆಲೆಯ ಪ್ರೋಗ್ರಾಂಗಳಿಗೆ ಅಷ್ಟು ಬೇಕಾಗುತ್ತದೆ. ಬೇಗ ತೆರೆಯಲೆಂದು ಕೆಲವನ್ನು ವಿಂಡೋಸ್ ಮೊದಲೇ ರ‍್ಯಾಮ್‌ನಲ್ಲಿ ತಂದಿಟ್ಟುಕೊಂಡಿರುತ್ತದೆ, ಬೇರೆ ಕೆಲಸ ಬಂದರೆ ಆ ಜಾಗವನ್ನು ಬಿಟ್ಟುಕೊಡುತ್ತದೆ.

ಕೆಲಸದ ನಡುವೆ ಬಳಕೆ ಶೇ 60ರಿಂದ 70ರ ಒಳಗಿದ್ದರೆ ರ‍್ಯಾಮ್ ಸಾಕು. ನಿಧಾನಕ್ಕೆ ಕಾರಣ ಬೇರೆ ಇರಬೇಕು. ಸದಾ ಶೇ 85ರಿಂದ 90ಕ್ಕಿಂತ ಮೇಲಿದ್ದು, ಅದೇ ಹೊತ್ತಿಗೆ ಡಿಸ್ಕ್ ಕೂಡ ಶೇ 100ರ ಹತ್ತಿರ ಓಡುತ್ತಿದ್ದರೆ ಅದು ನಿಜವಾದ ಕೊರತೆ.

ಡಿಸ್ಕ್ ಏಕೆ ಓಡುತ್ತದೆ? ರ‍್ಯಾಮ್ ತುಂಬಿದಾಗ ವಿಂಡೋಸ್ ಅದರಲ್ಲಿನ ಸ್ವಲ್ಪ ಭಾಗವನ್ನು ಡಿಸ್ಕ್‌ನಲ್ಲಿರುವ ಪೇಜ್ ಫೈಲ್ ಎಂಬ ಕಡತಕ್ಕೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ರ‍್ಯಾಮ್‌ನಿಂದ ಮಾಹಿತಿ ಸಿಗಲು ಬೇಕಾಗುವುದು ಸುಮಾರು 100 ನ್ಯಾನೊಸೆಕೆಂಡ್. ತಿರುಗುವ ಹಾರ್ಡ್ ಡಿಸ್ಕ್‌ಗೆ ಅದೇ ಕೆಲಸಕ್ಕೆ ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಲಕ್ಷ ಪಟ್ಟು ನಿಧಾನ. ಒಂದು ಟ್ಯಾಬ್‌ನಿಂದ ಇನ್ನೊಂದಕ್ಕೆ ಹೋದಾಗ ಪರದೆ ಬೆಳ್ಳಗಾಗಿ ನಿಂತುಬಿಡುವುದು ಇದೇ ಓಡಾಟದಿಂದ. ಎಸ್‌ಎಸ್‌ಡಿ ಇದ್ದರೆ ಈ ಅಂತರ ಬಹಳ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಯಾರಿಗೆ ಎಷ್ಟು ಬೇಕು?

4 ಜಿಬಿ: ವಿಂಡೋಸ್ 11 ಇನ್‌ಸ್ಟಾಲ್ ಆಗುತ್ತದೆ. ಒಂದು ಹೊತ್ತಿಗೆ ಒಂದೇ ಕೆಲಸ, ಬ್ರೌಸರ್‌ನಲ್ಲಿ ಎರಡು ಮೂರು ಟ್ಯಾಬ್ ಎಂಬಲ್ಲಿಗೆ ಬಳಕೆ ಸೀಮಿತ. ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ತಾಳ್ಮೆ ಪರೀಕ್ಷೆಯಾಗುತ್ತದೆ.

8 ಜಿಬಿ: ಮನೆ ಬಳಕೆ, ಕಚೇರಿ ಕಡತಗಳು, ಆನ್‌ಲೈನ್ ತರಗತಿ, ವಿಡಿಯೊ ಕರೆ, ಅಂಗಡಿಯ ಲೆಕ್ಕಪತ್ರ. ಬಹುತೇಕ ಕುಟುಂಬಗಳಿಗೆ ಇದು ಸಾಕು.

16 ಜಿಬಿ: ಹತ್ತಿಪ್ಪತ್ತು ಟ್ಯಾಬ್ ತೆರೆದಿಟ್ಟು ಕೆಲಸ ಮಾಡುವವರು, ಫೋಟೊ ಸಂಸ್ಕರಣೆ, ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳು. ಫೋಟೋಶಾಪ್‌ಗೆ ಅಡೋಬಿ ಕಂಪನಿ ಕನಿಷ್ಠ 8 ಜಿಬಿ ಎನ್ನುತ್ತದೆ, ಶಿಫಾರಸು ಮಾಡುವುದು 16 ಜಿಬಿ. ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೊವನ್ನು ಎಮ್ಯುಲೇಟರ್ ಜೊತೆ ಬಳಸಲು 16 ಜಿಬಿ ಇರಬೇಕು.

32 ಜಿಬಿ ಮತ್ತು ಮೇಲೆ: 4ಕೆ ವಿಡಿಯೊ ಸಂಕಲನ, ದೊಡ್ಡ ವಿನ್ಯಾಸ ನಕ್ಷೆಗಳು, ಮೂರು ಆಯಾಮದ ಚಿತ್ರಣ. ವೃತ್ತಿ ಬಳಕೆಯಲ್ಲದಿದ್ದರೆ ಇದರ ಅಗತ್ಯ ಬೀಳುವುದು ಅಪರೂಪ.

ಹೊಸ ಸಾಫ್ಟ್‌ವೇರ್ ಯಾವುದೇ ಇರಲಿ, ಅದರ ಕನಿಷ್ಠ ಮಿತಿಯ ಬದಲು 'ಶಿಫಾರಸು ಮಾಡಿದ' ಎಂಬ ಸಾಲನ್ನು ಓದಿ. ಆ ಸಂಖ್ಯೆ ಬಳಕೆಗೆ ಹತ್ತಿರವಾದದ್ದು.

ರ‍್ಯಾಮ್ ಇದ್ದರೂ ವಿಂಡೋಸ್ 11 ಬರದಿರಬಹುದು

ಹೆಚ್ಚಿನವರು ಎಡವುವುದು ಇಲ್ಲಿ. 16 ಜಿಬಿ ರ‍್ಯಾಮ್ ಇರುವ ಗಟ್ಟಿಮುಟ್ಟಾದ ಕಂಪ್ಯೂಟರನ್ನೂ ವಿಂಡೋಸ್ 11 ತಿರಸ್ಕರಿಸಬಹುದು. ಏಕೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಅನ್ನು ಕೇಳುತ್ತದೆ. ಇಂಟೆಲ್‌ನಲ್ಲಿ ಬಹುಮಟ್ಟಿಗೆ 8ನೇ ತಲೆಮಾರು ಮತ್ತು ನಂತರದವು, ಎಎಂಡಿಯಲ್ಲಿ ರೈಜೆನ್ 2000 ಸರಣಿ ಮತ್ತು ನಂತರದವು ಆ ಪಟ್ಟಿಯಲ್ಲಿವೆ.

ಮೈಕ್ರೋಸಾಫ್ಟ್‌ನದೇ ಉಚಿತ 'ಪಿಸಿ ಹೆಲ್ತ್ ಚೆಕ್' ಆ್ಯಪ್ ಇದನ್ನೆಲ್ಲ ಒಮ್ಮೆಗೇ ಪರೀಕ್ಷಿಸಿ, ಯಾವುದು ಸರಿ, ಯಾವುದು ಸರಿಯಿಲ್ಲ ಎಂದು ಹೇಳುತ್ತದೆ. ರ‍್ಯಾಮ್ ಕೊಳ್ಳಲು ಹೋಗುವ ಮೊದಲೇ ಇದನ್ನು ನಡೆಸಿ. ಟಿಪಿಎಂ ಇಲ್ಲ ಎಂದು ಬಂದರೆ ಒಂದು ಸಲ ಬಯೋಸ್ ಸೆಟ್ಟಿಂಗ್ಸ್ ನೋಡಿಸಿ. ಎಷ್ಟೋ ಯಂತ್ರಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ. ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿ ಯಂತ್ರಗಳಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇದು ಕಾಣಿಸಬಹುದು. ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಎಂದು ಬಂದರೆ ಮಾತ್ರ ರ‍್ಯಾಮ್ ಹೆಚ್ಚಿಸಿ ಪ್ರಯೋಜನವಿಲ್ಲ.

ರ‍್ಯಾಮ್ ಹಾಕಿಸುವ ಮುನ್ನ

ನೆಹರೂ ಪ್ಲೇಸ್, ಲ್ಯಾಮಿಂಗ್ಟನ್ ರಸ್ತೆ, ರಿಚ್ಚಿ ಸ್ಟ್ರೀಟ್ ಅಥವಾ ಎಸ್‌.ಪಿ. ರಸ್ತೆ, ಎಲ್ಲಿಯೇ ಕೊಳ್ಳಲಿ, ಮೊದಲು ನಾಲ್ಕು ವಿಷಯ ಗೊತ್ತಿರಬೇಕು.

ಒಂದು, ತಲೆಮಾರು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅವುಗಳ ಕಚ್ಚುಗಳೇ ಬೇರೆ ಬೇರೆ ಕಡೆ ಇರುತ್ತವೆ.

ಎರಡು, ಗಾತ್ರ. ಲ್ಯಾಪ್‌ಟಾಪ್‌ನ ರ‍್ಯಾಮ್ ಚಿಕ್ಕದು, ಡೆಸ್ಕ್‌ಟಾಪ್‌ನದು ಉದ್ದ.

ಮೂರು, ಖಾಲಿ ಜಾಗ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲೇ ಎಷ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂದು ತೋರಿಸುತ್ತದೆ. ಎರಡೂ ತುಂಬಿದ್ದರೆ ಹಳೆಯದನ್ನು ತೆಗೆದೇ ಹೊಸದು ಹಾಕಬೇಕು. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಹೆಚ್ಚಿಸುವ ದಾರಿಯೇ ಇರುವುದಿಲ್ಲ.

ನಾಲ್ಕು, ಗರಿಷ್ಠ ಮಿತಿ. ಪ್ರತಿ ಮದರ್‌ಬೋರ್ಡ್‌ಗೂ ಇಷ್ಟೇ ರ‍್ಯಾಮ್ ಎಂಬ ಮಿತಿ ಇರುತ್ತದೆ. ಮಾಡೆಲ್ ಸಂಖ್ಯೆ ಹಾಕಿ ತಯಾರಕರ ವೆಬ್‌ಸೈಟ್‌ನಲ್ಲಿ ನೋಡಬಹುದು.

ಬಳಸಿದ ರ‍್ಯಾಮ್ ಕಡಿಮೆ ಬೆಲೆಗೆ ಸಿಗುತ್ತದೆ. ಕೊಂಡರೆ ಬಿಲ್ ಮತ್ತು ಬದಲಾಯಿಸಿಕೊಡುವ ಅವಧಿಯನ್ನು ಬರಹದಲ್ಲಿ ಪಡೆಯಿರಿ. ಮನೆಗೆ ತಂದ ದಿನವೇ ವಿಂಡೋಸ್‌ನಲ್ಲಿರುವ ಮೆಮೊರಿ ಡಯಾಗ್ನೋಸ್ಟಿಕ್ ಪರೀಕ್ಷೆ ನಡೆಸಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಇಂಥ ಹೊತ್ತಿನಲ್ಲಿ ಬೇಕಿಲ್ಲದಷ್ಟು ರ‍್ಯಾಮ್ ಕೊಳ್ಳುವುದು ಜಾಣತನವಲ್ಲ.

ಇನ್ನೂ ಹಾರ್ಡ್ ಡಿಸ್ಕ್‌ನಲ್ಲೇ ವಿಂಡೋಸ್ ಇರುವ ಕಂಪ್ಯೂಟರ್ ಆದರೆ, 8 ಜಿಬಿಯಿಂದ 16 ಜಿಬಿಗೆ ಹೋಗುವುದಕ್ಕಿಂತ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿಸುವುದರಿಂದ ಹೆಚ್ಚು ವ್ಯತ್ಯಾಸ ಕಾಣುತ್ತದೆ. ಕಂಪ್ಯೂಟರ್ ಆನ್ ಆಗುವುದು, ಪ್ರೋಗ್ರಾಂ ತೆರೆಯುವುದು ಎರಡೂ ಚುರುಕಾಗುತ್ತವೆ.

ಖರ್ಚಿಲ್ಲದ ಉಪಾಯಗಳು

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ವಿಭಾಗದಲ್ಲಿ, ಕಂಪ್ಯೂಟರ್ ಆನ್ ಆದೊಡನೆ ತಾವಾಗಿ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಇರುತ್ತದೆ. ಬೇಡವಾದದ್ದನ್ನು ಡಿಸೇಬಲ್ ಮಾಡಿ. ಕ್ರೋಮ್‌ನಲ್ಲಿ ಮೆಮೊರಿ ಸೇವರ್, ಎಡ್ಜ್‌ನಲ್ಲಿ ಸ್ಲೀಪಿಂಗ್ ಟ್ಯಾಬ್ಸ್ ಆನ್ ಇದ್ದರೆ ನೋಡದೆ ಬಿಟ್ಟ ಟ್ಯಾಬ್‌ಗಳು ರ‍್ಯಾಮ್ ಬಿಟ್ಟುಕೊಡುತ್ತವೆ. ಎರಡೆರಡು ಆ್ಯಂಟಿವೈರಸ್ ಇಟ್ಟುಕೊಂಡಿದ್ದರೆ ಒಂದನ್ನು ತೆಗೆಯಿರಿ. 'ರ‍್ಯಾಮ್ ಬೂಸ್ಟರ್' ಎಂಬ ಹೆಸರಿನ ಸಾಫ್ಟ್‌ವೇರ್‌ಗಳ ಗೊಡವೆ ಬೇಡ. ಯಾವ ಸಾಫ್ಟ್‌ವೇರೂ ರ‍್ಯಾಮ್ ಹುಟ್ಟಿಸಲಾರದು.

ವಿಂಡೋಸ್ 11 ಸಾಧ್ಯವಿಲ್ಲದಿದ್ದರೆ?

ಮೊದಲ ದಾರಿ ಕಾಲಾವಕಾಶ ಪಡೆಯುವುದು. ವಿಂಡೋಸ್ 10ರ 22ಎಚ್2 ಆವೃತ್ತಿ ಇರುವ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಿಂದಲೇ ನೋಂದಣಿ ಮಾಡಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಲು ಒಪ್ಪಿದರೆ ಹಣ ಕೊಡಬೇಕಿಲ್ಲ.

ಎರಡನೆಯದು ಲಿನಕ್ಸ್. ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, ಶಿಫಾರಸು 4 ಜಿಬಿ. ಅದಕ್ಕೆ ಟಿಪಿಎಂ ಬೇಕಿಲ್ಲ, ಬೆಲೆಯೂ ಇಲ್ಲ. ಪೆನ್ ಡ್ರೈವ್‌ನಿಂದಲೇ ನಡೆಸಿ ನೋಡಿ, ಹಿಡಿಸಿದರೆ ಮಾತ್ರ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಆದರೆ ನಿಮ್ಮ ಕೆಲಸಕ್ಕೆ ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಸಾಫ್ಟ್‌ವೇರ್ ಬೇಕಿದ್ದರೆ ಮೊದಲೇ ಯೋಚಿಸಿ.

ಕನ್ನಡದಲ್ಲಿ ಟೈಪ್ ಮಾಡುವವರ ಗಮನಕ್ಕೆ

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ವರ್ಷಗಳಿಂದ ಕಡತಗಳನ್ನು ಇಟ್ಟುಕೊಂಡ ಕನ್ನಡ ಸಂಘಗಳು, ಮುದ್ರಣಾಲಯಗಳು, ಲೇಖಕರು ಹೊರನಾಡುಗಳಲ್ಲೂ ಇದ್ದಾರೆ. ಯೂನಿಕೋಡ್ ಅಲ್ಲದ ಆ ಕಡತಗಳು ಹೊಸ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೆಯ ಯಂತ್ರ ಕೈಬಿಡುವ ಮೊದಲೇ ಫಾಂಟ್‌ಗಳನ್ನು ಉಳಿಸಿಕೊಂಡು, ಮುಖ್ಯ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.

ಯೂನಿಕೋಡ್ ಕನ್ನಡಕ್ಕೆ ಬೇರೆ ಏನೂ ಬೇಕಿಲ್ಲ. ವಿಂಡೋಸ್ 11ರಲ್ಲಿ ನಿರ್ಮಲಾ ಫಾಂಟ್ ಇದೆ. ಕನ್ನಡ ಭಾಷೆಯನ್ನು ಸೇರಿಸಿಕೊಂಡರೆ ಉಚ್ಚಾರದಂತೆ ಟೈಪ್ ಮಾಡುವ ಫೋನೆಟಿಕ್ ಕೀಲಿಮಣೆಯೂ ಸಿಗುತ್ತದೆ. ಹಳೆಯ ದಾಖಲೆಗಳಲ್ಲಿ ತುಂಗಾ ಫಾಂಟ್ ಬಳಸಿದ್ದರೆ ಅದನ್ನು ಆಪ್ಷನಲ್ ಫೀಚರ್ಸ್‌ನಿಂದ ಸೇರಿಸಿಕೊಳ್ಳಬಹುದು. ಇವುಗಳಿಂದ ರ‍್ಯಾಮ್ ಮೇಲೆ ಹೇಳಿಕೊಳ್ಳುವಷ್ಟು ಹೊರೆ ಬೀಳುವುದಿಲ್ಲ.

ಹೊಸದನ್ನೇ ಕೊಳ್ಳುವುದಾದರೆ

ಈ ಎಲ್ಲದರ ನಂತರವೂ ಹೊಸ ಕಂಪ್ಯೂಟರ್ ಬೇಕೆನಿಸಿದರೆ, ಮುಂದೆ ರ‍್ಯಾಮ್ ಸೇರಿಸಲು ಜಾಗವಿದೆಯೇ ಎಂದು ಕೇಳಿ. ಜಾಗವಿದ್ದರೆ ಈಗ 8 ಜಿಬಿ ಕೊಂಡು ಬೇಕಾದಾಗ ಹೆಚ್ಚಿಸಿಕೊಳ್ಳಬಹುದು. ಬೆಸುಗೆ ಹಾಕಿದ ರ‍್ಯಾಮ್ ಆದರೆ ಐದಾರು ವರ್ಷದ ಲೆಕ್ಕ ಹಾಕಿ 16 ಜಿಬಿ ಕೊಳ್ಳುವುದು ಒಳ್ಳೆಯದು. 2024ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಎಐ ಸೌಲಭ್ಯದ 'ಕೋಪೈಲಟ್ ಪ್ಲಸ್' ಕಂಪ್ಯೂಟರ್‌ಗಳಿಗೆ ಕನಿಷ್ಠ ಮಿತಿಯೇ 16 ಜಿಬಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಪಲ್ ತನ್ನ ಹೊಸ ಮ್ಯಾಕ್‌ಗಳ ಆರಂಭಿಕ ಮೆಮೊರಿಯನ್ನು 8ರಿಂದ 16 ಜಿಬಿಗೆ ಏರಿಸಿತು. ಸಾಫ್ಟ್‌ವೇರ್‌ಗಳು ಯಾವ ಕಡೆ ಹೊರಟಿವೆ ಎಂಬುದಕ್ಕೆ ಇದು ಸೂಚನೆ.

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಮೊದಲು ಪಿಸಿ ಹೆಲ್ತ್ ಚೆಕ್, ಆಮೇಲೆ ಕೆಲಸದ ನಡುವೆ ಟಾಸ್ಕ್ ಮ್ಯಾನೇಜರ್, ನಂತರ ಬೇಡದ ಪ್ರೋಗ್ರಾಂಗಳ ಸಫಾಯಿ. ಇಷ್ಟಾದ ಮೇಲೂ ಕೊರತೆ ಕಂಡರೆ ಎಸ್‌ಎಸ್‌ಡಿ ಅಥವಾ ರ‍್ಯಾಮ್. ಹೊಸ ಕಂಪ್ಯೂಟರ್ ಕೊನೆಯ ಮಾತು.